ಹೊಟ್ಟೆಯ ಆಪರೇಷನ್ ಆದಮೇಲೆ ಎದೆಯಲ್ಲಿ ಕಫ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ತಂದೆಗೆ 64 ವರ್ಷ. ಬಹುಕಾಲ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ ಮಾಡಿದ್ದಾರೆ, ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ಬೆಳಗಿನ ಹೊತ್ತು ಕೆಮ್ಮು, ಕಫ ಇದ್ದೇ ಇರುತ್ತದೆ. ಪಿತ್ತಕೋಶದಲ್ಲೂ ಪಿತ್ತನಾಳದಲ್ಲೂ ಕಲ್ಲುಗಳಿವೆ, ಹೊಟ್ಟೆ ಕೊಯ್ದೇ ಆಪರೇಷನ್ ಮಾಡಬೇಕು ಎಂದಿದ್ದಾರೆ. ಇನ್ನು ಮೂರು ವಾರವಿದೆ. ಹೋದ ವರ್ಷ ನಮ್ಮ ದೊಡ್ಡಪ್ಪನವರಿಗೆ ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ನಾಲ್ಕನೇ ದಿನ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿ ಐಸಿಯು ಸೇರಿದರು. ತಂದೆಗೂ ಹಾಗಾಗದಿರಲು ಉಸಿರಾಟದ ವ್ಯಾಯಾಮಕ್ಕೆ ಬಳಸುವ ಮೂರು ಚೆಂಡಿನ ಯಂತ್ರ ಕೊಂಡರೆ ಸಾಕೇ? ಕೆಮ್ಮಿದರೆ, ಬೇಗ ಎದ್ದು ಓಡಾಡಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಭಯ.

ಉತ್ತರ: ಮೊದಲು ಆ ಭಯದ ವಿಚಾರ. ಅದೊಂದು ಹೋಗದಿದ್ದರೆ ಮುಂದೆ ಹೇಳುವ ಯಾವುದೂ ಕೈಗೂಡುವುದಿಲ್ಲ.

ಚರ್ಮದ ಮೇಲೆ ಕಾಣುತ್ತವಲ್ಲ, ಹೊಟ್ಟೆಯನ್ನು ಹಿಡಿದಿಟ್ಟಿರುವುದು ಆ ಹೊಲಿಗೆಗಳಲ್ಲ. ಅದರ ಕೆಳಗೆ ಸ್ನಾಯುಗಳ ಮೇಲಿನ ಗಟ್ಟಿ ಪೊರೆಯನ್ನು ದಪ್ಪ ದಾರದಿಂದ ಬೇರೆಯಾಗಿ ಹೊಲಿದಿರುತ್ತಾರೆ. ಆ ದಾರ ವಾರಗಟ್ಟಲೆ ಬಲ ಉಳಿಸಿಕೊಳ್ಳುವಂಥದ್ದು, ಇಲ್ಲವೇ ಕರಗದೇ ಉಳಿಯುವಂಥದ್ದು. ಕೂರುವುದು, ನಡೆಯುವುದು, ದಿಂಬು ಒತ್ತಿಕೊಂಡು ಕೆಮ್ಮುವುದು ಇವನ್ನೆಲ್ಲ ತಾಳಿಕೊಳ್ಳಲೆಂದೇ ಹಾಕಿದ ಹೊಲಿಗೆ ಅದು. ಗಾಯ ಬಿಚ್ಚಿಕೊಳ್ಳಲು ಮುಖ್ಯ ಕಾರಣಗಳು ಬೇರೆ: ಗಾಯಕ್ಕೆ ಸೋಂಕು, ಪೌಷ್ಟಿಕಾಂಶದ ಕೊರತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೀಡಿ, ಮತ್ತು ನ್ಯುಮೋನಿಯಾ ಆದಮೇಲೆ ಹಗಲೂ ರಾತ್ರಿ ತಡೆಯಲಾಗದೆ ಬರುವ ಕೆಮ್ಮು. ಅಂದರೆ ಹೊಲಿಗೆ ಉಳಿಯಲಿ ಎಂದು ಕೆಮ್ಮದೆ ಮಲಗಿಸಿದರೆ, ಕೊನೆಗೆ ಹೊಲಿಗೆಗೆ ನಿಜವಾಗಿ ಕೆಟ್ಟದ್ದು ಮಾಡುವ ಕೆಮ್ಮನ್ನೇ ಕರೆದುಕೊಂಡಂತೆ.

ನಿಮ್ಮ ದೊಡ್ಡಪ್ಪನವರಿಗೆ ಆಪರೇಷನ್ ಚೆನ್ನಾಗಿ ಆಗಿಯೂ ಎದೆ ಯಾಕೆ ಕೆಟ್ಟಿತು? ಪೂರ್ತಿ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದ ಕೂಡಲೇ ಸ್ನಾಯುಗಳು ಸಡಿಲವಾಗಿ, ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಮೇಲಕ್ಕೆ ಸರಿಯುತ್ತದೆ. ಶ್ವಾಸಕೋಶದ ಬೆನ್ನಿನ ಕಡೆಯ, ಬುಡದ ಗಾಳಿಚೀಲಗಳು ಒತ್ತಿಕೊಂಡು ಮುಚ್ಚಿಹೋಗುತ್ತವೆ. ಇದು ಯಾರೋ ಒಬ್ಬಿಬ್ಬರಿಗೆ ಆಗುವುದಲ್ಲ, ಪೂರ್ತಿ ಅರಿವಳಿಕೆ ಪಡೆದ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಅಷ್ಟೋ ಇಷ್ಟೋ ಆಗುತ್ತದೆ. ಆರೋಗ್ಯವಂತರು ಎಚ್ಚರವಾಗಿ, ಎದ್ದು ಕೂತು, ಎರಡು ದೊಡ್ಡ ಉಸಿರು ತೆಗೆದುಕೊಂಡರೆ ಅವು ಮತ್ತೆ ತೆರೆದುಕೊಳ್ಳುತ್ತವೆ. ಹೊಟ್ಟೆಯ ಮೇಲ್ಭಾಗ ಕೊಯ್ದವರಿಗೆ ಅದು ಸುಲಭವಲ್ಲ. ಗಾಯ ಪಕ್ಕೆಲುಬಿನ ಕೆಳಗೇ ಇರುತ್ತದೆ, ಪ್ರತಿ ಉಸಿರಿಗೂ ಎಳೆಯುತ್ತದೆ. ನೋವಿಗೆ ಹೆದರಿ ಮೇಲೆಮೇಲೆ ಸಣ್ಣ ಉಸಿರಾಡುತ್ತಾರೆ. ನೋವು ಅಷ್ಟಿಲ್ಲದಿದ್ದರೂ ವಪೆಯ ಕೆಲಸವೇ ಕೆಲವು ದಿನ ಮಂದವಾಗಿರುತ್ತದೆ. ಆಳವಾಗಿ ಎಳೆದು ಬಿಡಬಲ್ಲ ಉಸಿರಿನ ಪ್ರಮಾಣ ಮೊದಲ ದಿನ ಮಾಮೂಲಿನ ಅರ್ಧಕ್ಕೆ, ಕೆಲವರಲ್ಲಿ ಅದಕ್ಕೂ ಕೆಳಗೆ ಇಳಿಯುತ್ತದೆ. ಮೊದಲಿನಂತಾಗಲು ಒಂದು ವಾರ, ಕೆಲವೊಮ್ಮೆ ಹೆಚ್ಚೇ ಬೇಕು.

ಇದರ ಜತೆಗೆ ಕಫದ ಸಮಸ್ಯೆ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಕೂದಲುಗಳಿವೆ. ಬೀಡಿ ಹೊಗೆ ಅವನ್ನು ಮೊದಲೇ ಕುಂದಿಸಿರುತ್ತದೆ, ಅರಿವಳಿಕೆಯ ಒಣ ಅನಿಲ ಇನ್ನಷ್ಟು ಮಂಕುಗೊಳಿಸುತ್ತದೆ. ಗಾಳಿಯಾಡದ ಜಾಗದಲ್ಲಿ ಕಫ ನಿಂತರೆ, ಬಾಯಿಂದ ಇಳಿದ ರೋಗಾಣುಗಳು ಅಲ್ಲಿ ಬೆಳೆಯಲು ಎರಡು ಮೂರು ದಿನ ಸಾಕು. ಮೂರನೇ, ನಾಲ್ಕನೇ, ಐದನೇ ದಿನ ನ್ಯುಮೋನಿಯಾ ಕಾಣಿಸಿಕೊಳ್ಳುವುದು ಹೀಗೆ. ಇದನ್ನು ತಡೆಯುವ ಕೆಲಸದಲ್ಲಿ ಬಹುಪಾಲು ಔಷಧದ್ದಲ್ಲ, ರೋಗಿಯದು ಮತ್ತು ಹಾಸಿಗೆಯ ಪಕ್ಕದಲ್ಲಿ ಕೂತ ನಿಮ್ಮದು. ಅದನ್ನು ಕಲಿಯಬೇಕಾದದ್ದು ಆಪರೇಷನ್ನಿಗೆ ಮುಂಚೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೊಟ್ಟೆಯ ಮೇಲ್ಭಾಗದ ಆಪರೇಷನ್ನಿಗೆ ಬಂದ 441 ಜನರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರ್ಧ ಜನಕ್ಕೆ ಒಂದು ಕೈಪಿಡಿ ಮಾತ್ರ ಕೊಟ್ಟರು. ಉಳಿದವರಿಗೆ ಕೈಪಿಡಿಯ ಜತೆಗೆ ಫಿಸಿಯೋಥೆರಪಿಸ್ಟ್ ಒಮ್ಮೆ ಮಾತ್ರ, ಅರ್ಧ ಗಂಟೆ ಕೂತು, ಯಾಕೆ ಆಳವಾಗಿ ಉಸಿರಾಡಬೇಕು, ಹೇಗೆ ಕೆಮ್ಮಬೇಕು ಎಂದು ತಿಳಿಸಿ ಮಾಡಿಸಿದರು. ಶ್ವಾಸಕೋಶದ ತೊಂದರೆ ಮೊದಲ ಗುಂಪಿನಲ್ಲಿ ನೂರಕ್ಕೆ 27 ಜನರಿಗೆ ಬಂದರೆ, ಕಲಿತವರಲ್ಲಿ 12 ಜನರಿಗೆ ಬಂತು. ಅರ್ಧ ಗಂಟೆಯ ಪಾಠಕ್ಕೆ ಇಷ್ಟು ಫಲ! ಹಾಗಾಗಿ ಆಪರೇಷನ್ ಮಾಡುವ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿದ್ದರೆ, ಅಡ್ಮಿಟ್ ಆಗುವ ಮುಂಚೆಯೇ ಒಮ್ಮೆ ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನೀವೂ ಪಕ್ಕದಲ್ಲಿ ನಿಂತು ಕಲಿಯಿರಿ, ಏಕೆಂದರೆ ಆಪರೇಷನ್ ಆದ ರಾತ್ರಿ ಅವರಿಗೆ ನೆನಪಿಸಬೇಕಾದವರು ನೀವೇ.

ಈಗ ಕೈಯಲ್ಲಿರುವ ಮೂರು ವಾರ. ಬೀಡಿ ಇವತ್ತೇ ನಿಲ್ಲಬೇಕು. ನಾಲ್ಕು ವಾರ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಶ್ವಾಸಕೋಶಕ್ಕೆ ಲಾಭ ಸ್ಪಷ್ಟವಾಗಿ ಸಿಗುತ್ತದೆ. ಮೂರೇ ವಾರ ಇದೆಯಲ್ಲ, ಇನ್ನೇನು ಪ್ರಯೋಜನ ಎನ್ನಬೇಡಿ, ಇಪ್ಪತ್ತನಾಲ್ಕು ಗಂಟೆ ಸೇದದಿದ್ದರೂ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿದು ಆಮ್ಲಜನಕ ಹೊರುವ ಶಕ್ತಿ ಹೆಚ್ಚುತ್ತದೆ. 'ಆಪರೇಷನ್ ಹತ್ತಿರ ಬಂದಾಗ ಬಿಟ್ಟರೆ ಕಫ ಜಾಸ್ತಿಯಾಗಿ ಅಪಾಯ' ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ, ಅದಕ್ಕೆ ಗಟ್ಟಿ ಆಧಾರವಿಲ್ಲ. ಬಿಡಲು ಕಷ್ಟವಾದರೆ ನಿಕೋಟಿನ್ ಗಮ್ ಅಥವಾ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಿ. ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356 ಉಚಿತ. ಬೀಡಿ ಬಿಟ್ಟು ಹೊಗೆಸೊಪ್ಪು, ಗುಟ್ಕಾ ಹಿಡಿಯುವುದು ಪರಿಹಾರವಲ್ಲ, ಬಾಯಿ ಹೊಲಸಾದಷ್ಟೂ ಎದೆಗಿಳಿಯುವ ರೋಗಾಣುಗಳು ಹೆಚ್ಚು.

ಅವರ ಬೆಳಗಿನ ಕೆಮ್ಮನ್ನು 'ಬೀಡಿ ಕೆಮ್ಮು, ಮೊದಲಿನಿಂದಲೂ ಇದೆ' ಎಂದು ತಳ್ಳಿಹಾಕಬೇಡಿ. ಬೀಡಿಯ ಜತೆಗೆ ಬಿಚ್ಚಾಣಿಕೆ ಘಟಕದ ಸೌದೆ ಹೊಗೆ, ಗೂಡು ಬೇಯಿಸುವ ಹಬೆ, ರೇಷ್ಮೆ ಹುಳುವಿನ ಕಣಗಳು ಸೇರಿದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಅಂದರೆ ಸಿಓಪಿಡಿ, ಇಲ್ಲವೇ ಅಸ್ತಮಾ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಪಕ್ಕೆಯಲ್ಲಿ ಸುಯ್ ಎನ್ನುವ ಶಬ್ದ, ಒಂದು ಮಹಡಿ ಹತ್ತುವುದರೊಳಗೆ ನಿಲ್ಲಬೇಕಾಗುವುದು ಇದ್ದರೆ ಎದೆರೋಗ ತಜ್ಞರಿಗೆ ತೋರಿಸಿ. ಈ ಮೂರು ವಾರದಲ್ಲಿ ಸರಿಯಾದ ಇನ್ಹೇಲರ್ ಶುರುವಾದರೆ ಆಪರೇಷನ್ ದಿನಕ್ಕೆ ಎದೆ ಬಹಳಷ್ಟು ಹಗುರಾಗಿರುತ್ತದೆ. ಆಪರೇಷನ್ ದಿನ ಬೆಳಗ್ಗೆಯೂ ಇನ್ಹೇಲರ್ ತಪ್ಪಿಸಬಾರದು, ಆಸ್ಪತ್ರೆಗೂ ಜತೆಗೆ ಒಯ್ಯಬೇಕು. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇರುವ ಯಾರಿಗೇ ಆದರೂ ಕಫದ ಟಿಬಿ ಪರೀಕ್ಷೆ ಆಗಬೇಕು, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಈ ಭಾಗದ ಬೇರೆ ಓದುಗರಿಗೂ ಇಲ್ಲೊಂದು ಮಾತು ಹೇಳಬೇಕು. ಅರಿವಳಿಕೆ ವೈದ್ಯರು ಕೆಲಸದ ಬಗ್ಗೆ ಕೇಳದಿದ್ದರೂ ನೀವೇ ಹೇಳಿ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು, ಚಿಕ್ಕಬಳ್ಳಾಪುರ, ತುಮಕೂರು ಕಡೆ ಕಲ್ಲು ಕ್ವಾರಿ, ಕ್ರಷರುಗಳಲ್ಲಿ ಇದ್ದವರು ಕಲ್ಲಿನ ದೂಳು ಕುಡಿದಿರುತ್ತಾರೆ. ಗಣಿ 2001ರಲ್ಲೇ ಮುಚ್ಚಿದ್ದರೂ ಸಿಲಿಕಾ ದೂಳಿನಿಂದಾದ ಗಾಯ ಶ್ವಾಸಕೋಶದಿಂದ ಹೋಗುವುದಿಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರು ಕುಡಿದು ಬೆನ್ನು, ಪಕ್ಕೆಲುಬಿನ ಕೀಲುಗಳು ಬಿಗಿದುಕೊಂಡವರಿಗೆ ಎದೆಗೂಡೇ ಸರಿಯಾಗಿ ಹಿಗ್ಗುವುದಿಲ್ಲ, ಅಂಥವರ ಕತ್ತು ಬಗ್ಗದೆ ಅರಿವಳಿಕೆಯ ಹೊತ್ತಿಗೆ ಗಂಟಲೊಳಗೆ ಉಸಿರಾಟದ ಕೊಳವೆ ಹಾಕುವುದೂ ಕಷ್ಟ. ಸೌದೆ ಒಲೆಯ ಮುಂದೆ ಜೀವನ ಕಳೆದ ಹೆಂಗಸರಿಗೆ ಬೀಡಿ ಮುಟ್ಟದಿದ್ದರೂ ಸಿಓಪಿಡಿ ಬರುತ್ತದೆ. ಇವೆಲ್ಲ ಮುಂಚೆ ಗೊತ್ತಾದರೆ ವೈದ್ಯರು ಅದಕ್ಕೆ ತಕ್ಕ ಅರಿವಳಿಕೆ, ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ.

ಮೂರು ವಾರ ದಿನಕ್ಕೆ ಅರ್ಧ ಗಂಟೆಯಾದರೂ ಸ್ವಲ್ಪ ಏದುಸಿರು ಬರುವಷ್ಟು ಚುರುಕಾಗಿ ನಡೆಸಿ. ಬೇಳೆ, ಮೊಟ್ಟೆ, ಹಾಲು, ಮೊಸರು ದಿನವೂ ಹೊಟ್ಟೆಗೆ ಹೋಗಲಿ. ಪಿತ್ತದ ಕಲ್ಲು ಎಂದು ಜಿಡ್ಡು ಕಡಿಮೆ ಮಾಡಲು ಹೇಳಿದ್ದರೆ ಮೊಟ್ಟೆಯ ಬಿಳಿ, ಕೆನೆ ತೆಗೆದ ಹಾಲು ಕೊಡಿ. ಹಿಮೋಗ್ಲೋಬಿನ್ 10ಕ್ಕಿಂತ, ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ 3.5ಕ್ಕಿಂತ ಕಡಿಮೆ ಇದ್ದರೆ ಶ್ವಾಸಕೋಶದ ಅಪಾಯವೂ ಹೆಚ್ಚುತ್ತದೆ, ರಿಪೋರ್ಟಿನಲ್ಲಿ ಅವೆರಡನ್ನು ನೋಡಿ ಕೇಳಿ. ಹೊಸದಾಗಿ ನೆಗಡಿ, ಜ್ವರ, ಹಳದಿ ಕಫ ಬಂದರೆ ಮುಚ್ಚಿಡದೆ ಹೇಳಿ, ಕಾಯಬಹುದಾದ ಆಪರೇಷನ್ ಆದರೆ ಮುಂದಕ್ಕೆ ಹಾಕುವುದೇ ಲೇಸು. ಆದರೆ ಪಿತ್ತನಾಳದಲ್ಲಿ ಕಲ್ಲಿರುವುದರಿಂದ ಕಣ್ಣು ಹಳದಿಯಾಗಿ ಚಳಿಜ್ವರ ಬಂದರೆ ಮೂರು ವಾರ ಕಾಯುವ ಮಾತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ ದಿನದ ಉಪವಾಸದಲ್ಲಿ ಮನೆಯವರ ಕರುಣೆ ಎಷ್ಟೋ ಸಲ ಅಪಾಯ ತರುತ್ತದೆ. ಹಗುರ ಊಟಕ್ಕೆ, ಹಾಲಿಗೆ, ಹಾಲು ಹಾಕಿದ ಕಾಫಿ ಟೀಗೆ 6 ಗಂಟೆ ಅಂತರ ಬೇಕು. ಎಣ್ಣೆ ತಿಂಡಿ, ಮಾಂಸದೂಟಕ್ಕೆ 8 ಗಂಟೆ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕುಡಿಯಬಹುದು, ನಿಮ್ಮ ವೈದ್ಯರು ಹೇಳಿದ ಸಮಯವೇ ಕೊನೆ. 'ಪಾಪ, ಬೆಳಗ್ಗಿಂದ ಏನೂ ಇಲ್ಲ' ಎಂದು ಕದ್ದು ಕೊಟ್ಟ ಒಂದು ಲೋಟ ಕಾಫಿ ಅರಿವಳಿಕೆಯ ಹೊತ್ತಿಗೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಅದು ಪ್ರಾಣಕ್ಕೇ ಬರುವ ಸಂಗತಿ. ಕೊಟ್ಟುಬಿಟ್ಟಿದ್ದರೆ ಬೈಸಿಕೊಳ್ಳುವ ಭಯದಿಂದ ಮುಚ್ಚಿಡಬೇಡಿ, ಹೇಳಿದರೆ ಆಪರೇಷನ್ ಕೆಲವು ಗಂಟೆ ಮುಂದಕ್ಕೆ ಹೋಗಬಹುದು, ಅಷ್ಟೇ.

ಈಗ ಮೂರು ಚೆಂಡಿನ ಸ್ಪೈರೋಮೀಟರ್. ಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದೊಂದರಿಂದಲೇ ಶ್ವಾಸಕೋಶ ಉಳಿಯುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಬೆಂಬಲ ಸಿಕ್ಕಿಲ್ಲ. ಅದು ಆಳವಾಗಿ ಉಸಿರೆಳೆಯಲು ನೆನಪಿಸುವ, ಎಳೆದದ್ದನ್ನು ಕಣ್ಣಿಗೆ ತೋರಿಸುವ ಸಾಧನ. ಬಹಳ ಮನೆಗಳಲ್ಲಿ ಅದನ್ನು ಊದುತ್ತಾರೆ. ಊದಬಾರದು, ಎಳೆಯಬೇಕು. ತಲೆಕೆಳಗು ಮಾಡಿ ಊದಿದರೆ ಚೆಂಡುಗಳು ಏಳುತ್ತವೆ ನಿಜ, ಆದರೆ ಮುಚ್ಚಿಕೊಂಡ ಗಾಳಿಚೀಲ ತೆರೆಯಲು ಬೇಕಾದದ್ದು ಒಳಗೆ ಹೋಗುವ ಗಾಳಿ.

ಎರಡನೆಯ ತಪ್ಪು ಇದಕ್ಕಿಂತ ಸಾಮಾನ್ಯ. ಸೊರ್ರೆಂದು ಒಮ್ಮೆಲೇ ಎಳೆದು ಮೂರೂ ಚೆಂಡು ಹಾರಿಸುವುದು, ಮನೆಯವರು ಭೇಷ್ ಎನ್ನುವುದು. ಕೋಣೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಅದು ಒಂದು ಸೆಕೆಂಡಿಗೆ ಎಷ್ಟು ಸಿಸಿ ಗಾಳಿ ಹರಿಯುತ್ತಿದೆ ಎಂಬ ಲೆಕ್ಕ. ಮೂರೂ ಚೆಂಡು ಅರ್ಧ ಸೆಕೆಂಡು ಹಾರಿದರೆ ಒಳಗೆ ಹೋದದ್ದು ಸುಮಾರು 600 ಸಿಸಿ. ಮೊದಲ ಚೆಂಡೊಂದನ್ನೇ ಮೇಲೆತ್ತಿ ಮೂರು ಸೆಕೆಂಡು ನಿಲ್ಲಿಸಿದರೆ ಸುಮಾರು 1800 ಸಿಸಿ, ಮೂರು ಪಟ್ಟು. ನಿಧಾನವಾಗಿ ಎಳೆದ ಗಾಳಿ ಶ್ವಾಸಕೋಶದ ಬುಡಕ್ಕೂ ಇಳಿಯುತ್ತದೆ. ಆದ್ದರಿಂದ ತಂದೆಯವರ ಗುರಿ ಮೂರನೇ ಚೆಂಡಲ್ಲ, ಮೊದಲ ಚೆಂಡನ್ನು ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದು. ಅದು ಸಲೀಸಾದ ಮೇಲೆ ಎರಡನೆಯದು.

ಮಾಡುವ ಕ್ರಮ ಹೀಗೆ. ಬೆನ್ನು ನೆಟ್ಟಗಿರುವಂತೆ ಕೂರಿಸಿ, ಸಾಧನವನ್ನು ಕಣ್ಣಿನ ಮಟ್ಟಕ್ಕೆ ನೇರವಾಗಿ ಹಿಡಿಯಲಿ, ವಾಲಿಸಿದರೆ ಚೆಂಡು ಸುಲಭವಾಗಿ ಏರಿ ಮೋಸವಾಗುತ್ತದೆ. ಉಸಿರು ಪೂರ್ತಿ ಹೊರಬಿಟ್ಟು, ಕೊಳವೆಯ ಸುತ್ತ ತುಟಿ ಬಿಗಿದು, ಮೂಗಿನಿಂದಲ್ಲದೆ ಬಾಯಿಂದ ನಿಧಾನವಾಗಿ ಎಳೆಯಬೇಕು. ಹೊಟ್ಟೆ ಮುಂದಕ್ಕೆ ಉಬ್ಬಬೇಕು, ಭುಜ ಏರಬಾರದು. ಪೂರ್ತಿ ತುಂಬಿದ ಮೇಲೆ 3ರಿಂದ 5 ಸೆಕೆಂಡು ಉಸಿರು ಹಿಡಿದು, ಕೊಳವೆ ತೆಗೆದು ಮೆಲ್ಲಗೆ ಬಿಡಬೇಕು. ನಡುವೆ ಎರಡು ಮೂರು ಮಾಮೂಲು ಉಸಿರು. ಬಿಡುವಿಲ್ಲದೆ ಎಳೆದರೆ ತಲೆ ಸುತ್ತಿ, ತುಟಿ, ಬೆರಳು ಜುಮ್ಮೆನ್ನುತ್ತವೆ. ಎಚ್ಚರವಿರುವಾಗ ಪ್ರತಿ ಗಂಟೆಗೆ ಹತ್ತು ಉಸಿರು, ನಂತರ ಮೂರು ಕೆಮ್ಮು, ಮತ್ತೊಮ್ಮೆ ಹತ್ತು ಉಸಿರು, ಮೂರು ಕೆಮ್ಮು. ಬೆಳಗ್ಗೆ ಐವತ್ತು, ಸಂಜೆ ಐವತ್ತು ಎಂದು ಗಂಟು ಕಟ್ಟಿ ಮಾಡಿದರೆ ಬರುವುದಿಲ್ಲ, ಗಾಳಿಚೀಲಗಳು ಮತ್ತೆ ಮುಚ್ಚಿಕೊಳ್ಳಲು ದಿನವಿಡೀ ಬೇಕಿಲ್ಲ. ಫೋನಿನಲ್ಲಿ ಗಂಟೆಗೊಂದು ಅಲಾರಂ ಇಡಿ. ಸಾಧನ ಕಬೋರ್ಡಿನೊಳಗೆ ಬೇಡ, ಅವರ ಕೈಗೆ ಎಟುಕುವ ಕಡೆ ಇರಲಿ. ಬಾಯಿಗಿಡುವ ಭಾಗವನ್ನು ದಿನವೂ ತೊಳೆದು ಒಣಗಿಸಿ, ಪಕ್ಕದ ಬೆಡ್ಡಿನವರಿಗೆ ಎರವಲು ಕೊಡಬೇಡಿ. ಸಾಧನವೇ ಇಲ್ಲದಿದ್ದರೂ ಇದೇ ಹತ್ತು ಉಸಿರು ಇದೇ ಕ್ರಮದಲ್ಲಿ ಮಾಡಿದರೆ ಕೆಲಸ ಆಗುತ್ತದೆ.

ಈಗಲೇ ಮನೆಯಲ್ಲಿ, ಇನ್ನೂ ಗಾಯವಿಲ್ಲದಿರುವಾಗ, ಅವರು ಎಷ್ಟು ಹೊತ್ತು ಮೊದಲ ಚೆಂಡು ನಿಲ್ಲಿಸುತ್ತಾರೆ ಎಂದು ಬರೆದಿಡಿ. ಆಪರೇಷನ್ ನಂತರ ಅರ್ಧಕ್ಕಿಳಿಯುತ್ತದೆ, ದಿನದಿನಕ್ಕೆ ಏರಬೇಕು. ಏರುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಇಳಿದರೆ ಅದನ್ನು ಸಿಸ್ಟರಿಗೂ ಡಾಕ್ಟರಿಗೂ ಹೇಳಿ, ಎಷ್ಟೋ ಸಲ ಜ್ವರಕ್ಕಿಂತ ಮೊದಲು ಸಿಗುವ ಸುಳಿವು ಅದು.

ಕೆಮ್ಮುವ ಕ್ರಮವನ್ನೂ ಈಗಲೇ ಕಲಿಸಿ. ಮಲಗಿಕೊಂಡು ಕೆಮ್ಮಿದರೆ ನೋವು ಹೆಚ್ಚು, ಬಲ ಕಡಿಮೆ. ಹಾಸಿಗೆಯಲ್ಲಿ ನೆಟ್ಟಗೆ, ಸಾಧ್ಯವಾದರೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ಗಟ್ಟಿಯಾದ ಸಣ್ಣ ದಿಂಬು, ಇಲ್ಲವೇ ನಾಲ್ಕು ಮಡಿಕೆ ಮಾಡಿದ ಟವಲ್ ಗಾಯದ ಮೇಲಿಟ್ಟು ಎರಡೂ ತೋಳಿನಿಂದ ಅಪ್ಪಿಕೊಳ್ಳಲಿ, ತುಸು ಮುಂದಕ್ಕೆ ಬಾಗಲಿ. ಮೂರು ಆಳವಾದ ಉಸಿರು ತೆಗೆದುಕೊಂಡು, ಬಾಯಿ ತೆರೆದು, ಕನ್ನಡಕದ ಗಾಜಿಗೆ ಹಬೆ ಹಿಡಿಸುವಂತೆ 'ಹಾ' ಎಂದು ಎರಡು ಸಲ ರಭಸವಾಗಿ ಗಾಳಿ ಹೊರಹಾಕಲಿ. ಆಳದಲ್ಲಿದ್ದ ಕಫ ಇದರಿಂದ ಗಂಟಲ ಹತ್ತಿರ ಬರುತ್ತದೆ. ಆಗ ದಿಂಬನ್ನು ಬಿಗಿಯಾಗಿ ಒತ್ತಿ ಒಂದೆರಡು ನಿಜವಾದ ಕೆಮ್ಮು. ಗಂಟಲಲ್ಲಿ ಖೊಕ್ಕ್ ಎಂದು ಸದ್ದು ಮಾಡುವುದು ಕೆಮ್ಮಲ್ಲ, ಹೊಟ್ಟೆಯಿಂದ ಬರಬೇಕು. ಕಫ ಬಂದರೆ ಉಗುಳಿಸಿ, ಬಣ್ಣ ನೋಡಿ. ಏನೂ ಬಾರದಿದ್ದರೆ ಕೆಮ್ಮುತ್ತಲೇ ಇರುವುದು ಬೇಡ, ಮುಂದಿನ ಗಂಟೆಗೆ ನೋಡಿದರಾಯಿತು. ಕೆಮ್ಮು ನಿಲ್ಲಿಸುವ ಸಿರಪ್ಪನ್ನು ನೀವಾಗಿ ತಂದು ಕೊಡಲೇಬೇಡಿ. ಈ ಹೊತ್ತಿನಲ್ಲಿ ಕೆಮ್ಮು ಅವರ ರಕ್ಷಣೆ.

ಇದೆಲ್ಲ ನಡೆಯಬೇಕಾದರೆ ನೋವು ಹತೋಟಿಯಲ್ಲಿರಬೇಕು. ನಮ್ಮ ಕಡೆ ಹಿರಿಯರು ನೋವು ನುಂಗಿಕೊಂಡು 'ಏನಿಲ್ಲ ಬಿಡಪ್ಪ' ಎನ್ನುತ್ತಾರೆ. ಸುಮ್ಮನೆ ಮಲಗಿದಾಗ ನೋವಿಲ್ಲ ಎಂಬುದು ಲೆಕ್ಕಕ್ಕಿಲ್ಲ. 'ದೊಡ್ಡ ಉಸಿರು ತಗೊಂಡು ಕೆಮ್ಮಿ ನೋಡೋಣ' ಎನ್ನಿ. ಆಗುವುದಿಲ್ಲ ಎಂದರೆ ನೋವಿನ ಔಷಧ ಸಾಲದು ಎಂದರ್ಥ, ಡಾಕ್ಟರಿಗೆ ಹಾಗೇ ಹೇಳಿ. ನೋವು ಬಂದಮೇಲೆ ಕೊಡುವುದಕ್ಕಿಂತ ಗಡಿಯಾರ ನೋಡಿ ಕೊಡುವ ಔಷಧ ಮೇಲು. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ 50 ಕಿಲೋ ಮೀರಿದ ವಯಸ್ಕರಿಗೆ 6 ಗಂಟೆಗೊಮ್ಮೆ 1 ಗ್ರಾಂ ಇರುತ್ತದೆ. ಪಿತ್ತನಾಳ ಕಟ್ಟಿ ಕಾಮಾಲೆ ಇದ್ದರೆ ಪ್ರಮಾಣವನ್ನು ವೈದ್ಯರೇ ಇಳಿಸಬಹುದು, ನೀವಾಗಿ ಸೇರಿಸಬೇಡಿ. ಬೆನ್ನಿನಲ್ಲಿ ಸಣ್ಣ ಕೊಳವೆಯಿಟ್ಟು ಕೊಡುವ ಎಪಿಡ್ಯೂರಲ್, ಹೊಟ್ಟೆಯ ಗೋಡೆಗೆ ಕೊಡುವ ನರದ ಬ್ಲಾಕ್ ಇವುಗಳಿಂದ ಮಂಪರಿಲ್ಲದೆ ನೋವು ಇಳಿದು ಉಸಿರಾಟ ಚೆನ್ನಾಗುತ್ತದೆ. ನಿಮ್ಮ ತಂದೆಯವರಿಗೆ ಅದು ಹೊಂದುತ್ತದೆಯೇ ಎಂದು ಅರಿವಳಿಕೆ ವೈದ್ಯರನ್ನು ಮುಂಚೆಯೇ ಕೇಳಿ, ಕಾಮಾಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನೋಡಿ ಅವರು ತೀರ್ಮಾನಿಸುತ್ತಾರೆ. ಮಾರ್ಫಿನ್ ಜಾತಿಯ ಔಷಧ ಕೊಟ್ಟಾಗ ಕರೆದರೂ ಸರಿಯಾಗಿ ಏಳದೆ, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ 'ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ' ಎಂದುಕೊಳ್ಳದೆ ತಕ್ಷಣ ಸಿಸ್ಟರನ್ನು ಕರೆಯಿರಿ.

ಹಾಸಿಗೆಯ ತಲೆಯ ಭಾಗ ಮೊದಲ ರಾತ್ರಿಯಿಂದಲೇ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ, ವೈದ್ಯರು ಬೇರೆ ಹೇಳಿದ್ದರೆ ಮಾತ್ರ ಹಾಗಲ್ಲ. ಎತ್ತರಿಸುವ ಮಂಚವಿಲ್ಲದಿದ್ದರೆ ಬೆನ್ನಿಗೆ ದಿಂಬುಗಳ ಇಳಿಜಾರು ಮಾಡಿ. ಬರೀ ತಲೆಗೆ ಎರಡು ದಿಂಬು ಕೊಟ್ಟರೆ ಕತ್ತು ಬಗ್ಗಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಪ್ರಯೋಜನವಿಲ್ಲ. ರೋಗಿ ಜಾರಿ ಜಾರಿ ಮಂಚದ ನಡುವೆ ಮುದುಡಿಕೊಳ್ಳುತ್ತಾರೆ, ಗಂಟೆಗೊಮ್ಮೆ ಮೇಲಕ್ಕೆ ಸರಿಸಿ.

ಏಳಿಸುವಾಗ ಕೈ ಹಿಡಿದು ಎಳೆಯಬೇಡಿ, ಎಲ್ಲ ಭಾರ ಗಾಯದ ಮೇಲೆ ಬೀಳುತ್ತದೆ. ಮಂಡಿ ಮಡಿಸಿ, ಇಡೀ ಮೈ ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸುತ್ತಾ ಮೊಣಕೈಯಿಂದ ಒತ್ತಿ ಏಳಲಿ. ಎದ್ದ ಕೂಡಲೇ ನಿಲ್ಲಿಸದೆ ಎರಡು ನಿಮಿಷ ಕೂರಿಸಿ, ತಲೆ ಸುತ್ತದಿದ್ದರೆ ನಿಲ್ಲಿಸಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಲಿ, ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಡ್ರೇನಿನ ಕೊಳವೆ ಎಳೆಯದಂತೆ ಅಂಗಿಗೆ ಪಿನ್ ಮಾಡಿ. ಗ್ಲೂಕೋಸ್ ಬಾಟಲಿ, ಕೊಳವೆಗಳು ಇವೆ ಎಂಬುದು ಮಲಗಿರಲು ಕಾರಣವಲ್ಲ, ಸ್ಟ್ಯಾಂಡ್ ತಳ್ಳಿಕೊಂಡೇ ನಡೆಯಬಹುದು. ರಕ್ತದೊತ್ತಡ ಸರಿಯಿದ್ದು ವೈದ್ಯರು ಒಪ್ಪಿದರೆ ಆಪರೇಷನ್ ದಿನವೇ ಸಂಜೆ ಕಾಲು ಇಳಿಬಿಟ್ಟು ಕೂರಬಹುದು. ಮರುದಿನ ಕುರ್ಚಿಯಲ್ಲಿ ಎರಡು ಮೂರು ಸಲ, ಜತೆಗೆ ವಾರ್ಡಿನೊಳಗೆ ಮೂರು ನಾಲ್ಕು ಸಲ ನಡಿಗೆ. ನಂತರದ ದಿನಗಳಲ್ಲಿ ದಿನಕ್ಕೆ ಒಟ್ಟು ಆರು ಗಂಟೆಯಷ್ಟು ಹಾಸಿಗೆಯಿಂದ ಹೊರಗಿರುವಂತೆ ಏರಿಸುತ್ತಾ ಹೋಗಿ. ಊಟ ಕುರ್ಚಿಯಲ್ಲೇ ಆದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ನಡೆಯುವುದರಿಂದ ಇನ್ನೊಂದು ಅಪಾಯವೂ ಕಡಿಮೆಯಾಗುತ್ತದೆ. ಮಲಗಿದಲ್ಲೇ ಇದ್ದರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಮಲಗಿದಾಗಲೂ ಗಂಟೆಗೆ ಇಪ್ಪತ್ತು ಸಲ ಪಾದ ಮೇಲೆ ಕೆಳಗೆ ಆಡಿಸಲಿ. ಹೊಟ್ಟೆಗೆ ದಿನಕ್ಕೊಂದು ಚುಚ್ಚುಮದ್ದು, ಕಾಲಿಗೆ ಬಿಗಿ ಕಾಲುಚೀಲ ಬರೆದಿದ್ದರೆ ಇದಕ್ಕೇ, ತಪ್ಪಿಸಬೇಡಿ. ಊದಿಕೊಂಡು ನೋಯುವ ಮೀನಖಂಡವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ.

ಹಲ್ಲುಜ್ಜುವುದು ಸಣ್ಣ ವಿಷಯ ಎನಿಸುತ್ತದೆ. ಎದೆಗಿಳಿಯುವ ರೋಗಾಣುಗಳ ತವರು ಬಾಯಿ, ಆದ್ದರಿಂದ ಆಪರೇಷನ್ ಮರುದಿನ ಬೆಳಗ್ಗಿನಿಂದಲೇ ಬ್ರಷ್ ಹಿಡಿದು ದಿನಕ್ಕೆ ಎರಡು ಸಲ, ನಾಲಗೆ ಸಮೇತ. ಬಾಯಿಂದ ಇನ್ನೂ ಏನೂ ಕೊಡದಿದ್ದರೂ ಉಜ್ಜಬೇಕು. ಕಟ್ಟಿಸಿದ ಹಲ್ಲು ಇದ್ದರೆ ರಾತ್ರಿ ತೆಗೆದು ತೊಳೆದಿಡಿ.

ಊಟದಲ್ಲಿ ನಮ್ಮ ಕಡೆಯ ಎರಡು ಅಭ್ಯಾಸ ಬಿಡಬೇಕು. ಒಂದು, ಮಂಪರಿನಲ್ಲಿ ಮಲಗಿರುವವರ ಬಾಯಿಗೆ ಚಮಚದಿಂದ ಎಳನೀರು, ಗಂಜಿ ಹಾಕುವುದು. ವೈದ್ಯರು ಕೊಡಿ ಎಂದ ಮೇಲೂ, ಪೂರ್ತಿ ಎಚ್ಚರವಾಗಿ, ನೆಟ್ಟಗೆ ಕೂತು, ಮೊದಲ ಗುಟುಕು ನೀರಿಗೆ ಕೆಮ್ಮು ಬರಲಿಲ್ಲವೆಂದರೆ ಮಾತ್ರ ಮುಂದಿನದು. ತಿಂದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ತೆಳ್ಳಗಿನ ರಾಗಿ ಗಂಜಿ, ಮೆತ್ತಗಿನ ಅನ್ನದಿಂದ ಶುರುವಾಗಲಿ. ಅಗಿಯದೆ ನುಂಗುವ ಮುದ್ದೆ, ನುಂಗುವ ಶಕ್ತಿ ಪೂರ್ತಿ ಬಂದ ಮೇಲೆ. ಹೊಟ್ಟೆ ಉಬ್ಬರಿಸಿ ವಾಂತಿ ಬಂದಂತಾದರೆ ಒತ್ತಾಯ ಮಾಡಬೇಡಿ, ಉಬ್ಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ತಳ್ಳಿ ಉಸಿರನ್ನೂ ಕಿರಿದಾಗಿಸುತ್ತದೆ. ಎರಡನೆಯದು ನಂಜಿನ ಪಥ್ಯ. ಬೇಳೆ ನಂಜು, ಮೊಟ್ಟೆ ನಂಜು, ನೀರು ಹೆಚ್ಚು ಕುಡಿದರೆ ಗಾಯ ಕೀವಾಗುತ್ತದೆ ಎಂದು ಅನ್ನ ಸಾರಿಗೆ ನಿಲ್ಲಿಸುತ್ತಾರೆ. ಗಾಯ ಮಾಯಲೂ ಕೆಮ್ಮುವ ಸ್ನಾಯುಗಳಿಗೆ ಬಲ ಬರಲೂ ಬೇಕಾದದ್ದು ಅದೇ ಬೇಳೆ, ಅದೇ ಮೊಟ್ಟೆ. ನೀರು ಸಾಲದೆ ಹೋದರೆ ಕಫ ಅಂಟಾಗಿ ಎಷ್ಟು ಕೆಮ್ಮಿದರೂ ಬರುವುದಿಲ್ಲ. ಸಿಸೇರಿಯನ್ ಆದ ಬಾಣಂತಿಯರಿಗೆ ಇದು ಎರಡು ಪಟ್ಟು ಅನ್ವಯ: ಮುಚ್ಚಿದ ಕೋಣೆ, ಕೆಂಡದ ಹೊಗೆ, ನೀರಿನ ಕಟ್ಟು, ಪಕ್ಕೆಯವರೆಗೂ ಬಿಗಿದ ಬಟ್ಟೆ ನಾಲ್ಕೂ ಶ್ವಾಸಕೋಶಕ್ಕೆ ಕೆಟ್ಟವು. ನಿಮ್ಮ ತಂದೆಯವರಿಗೆ ಹೊಟ್ಟೆಯ ಬೆಲ್ಟ್ ಹೇಳಿದ್ದರೂ ಅದು ಎದೆಗೂಡನ್ನು ಬಿಗಿಯದಂತೆ, ಒಳಗೆ ಅಂಗೈ ತೂರುವಷ್ಟು ಸಡಿಲವಿರಲಿ. ಹಾಕಿಕೊಂಡಾಗ ಮೊದಲ ಚೆಂಡು ನಿಲ್ಲುವ ಹೊತ್ತು ಕಡಿಮೆಯಾದರೆ ಬೆಲ್ಟ್ ಬಿಗಿಯಾಗಿದೆ.

ಆಕ್ಸಿಜನ್ ಮಾಸ್ಕ್ ಹಾಕಿದ್ದಾರೆ ಎಂದು ನಿಶ್ಚಿಂತರಾಗಬೇಡಿ. ಅದು ರಕ್ತದ ಆಮ್ಲಜನಕ ಏರಿಸುತ್ತದೆಯೇ ಹೊರತು ಮುಚ್ಚಿದ ಗಾಳಿಚೀಲ ತೆರೆಯುವುದಿಲ್ಲ. ಸಿಓಪಿಡಿ ಇದ್ದವರಿಗೆ ಬೆರಳಿನ ಆಕ್ಸಿಮೀಟರ್ ತೋರಿಸುವ ಆಮ್ಲಜನಕದ ಅಂಕಿಯನ್ನು 88ರಿಂದ 92ರ ನಡುವೆ ಇರಿಸಲು ವೈದ್ಯರು ಬೇಕೆಂದೇ ಹೇಳಿರಬಹುದು, ನೀವು ಹರಿವು ಹೆಚ್ಚಿಸಿದರೆ ಅಂಥವರಿಗೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಔಷಧವನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಸುಯ್‌ಗುಟ್ಟುವ ಎದೆಗೆ ಒಳ್ಳೆಯದು, ಎಲ್ಲರಿಗೂ ಬೇಕಿಲ್ಲ. ನ್ಯುಮೋನಿಯಾ ಬಾರದಿರಲಿ ಎಂದು ದಿನಗಟ್ಟಲೆ ಆ್ಯಂಟಿಬಯೋಟಿಕ್ ಕೇಳಿ ಹಾಕಿಸುವುದೂ ತಪ್ಪು.

ಮನೆಗೆ ಬಂದ ಮೇಲೆ ಅಲಾರಂ ನಿಲ್ಲಿಸಬೇಡಿ. ಮೊದಲ ವಾರವೆಲ್ಲ ಗಂಟೆಗೊಮ್ಮೆ, ಆಮೇಲಿನ ವಾರ ದಿನಕ್ಕೆ ನಾಲ್ಕೈದು ಸಲ. ನೆಲದ ಚಾಪೆಯಿಂದ ಏಳುವುದು ಹೊಟ್ಟೆಗೆ ಕಷ್ಟವಾಗಿ, ಕೊನೆಗೆ ಏಳುವುದೇ ಬೇಡ ಎಂದು ಮಲಗಿಬಿಡುತ್ತಾರೆ, ಆದ್ದರಿಂದ ಕೆಲವು ವಾರ ಮಂಚವಿರಲಿ, ಪಕ್ಕದಲ್ಲೊಂದು ಕೈಯಿರುವ ಕುರ್ಚಿ ಇರಲಿ. ನೋಡಲು ಬರುವವರಲ್ಲಿ ನೆಗಡಿ ಕೆಮ್ಮು ಇದ್ದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಈಗಲೇ, ಆಪರೇಷನ್ನಿಗೆ ಮುಂಚೆ, ಕೂತಿರುವಾಗಿನ ಅಂಕಿ ಬರೆದಿಡಿ. ಅದು 96ಕ್ಕಿಂತ ಕಡಿಮೆಯಿದ್ದರೆ ಅರಿವಳಿಕೆ ವೈದ್ಯರಿಗೆ ಗೊತ್ತಿರಬೇಕು. ನೋಡುವಾಗ ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣವಿರಬಾರದು, ಅಂಕಿ ಅರ್ಧ ನಿಮಿಷ ನಿಂತ ಮೇಲೆ ಓದಿ. ಉಸಿರನ್ನು ಅವರಿಗೆ ತಿಳಿಯದಂತೆ ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ. ಮೊದಲ ಎರಡು ದಿನ ಸಣ್ಣ ಜ್ವರ ಆಪರೇಷನ್ನಿಗೆ ದೇಹ ತೋರುವ ಪ್ರತಿಕ್ರಿಯೆಯೂ ಇರಬಹುದು. ಮೂರನೇ ದಿನದ ಮೇಲೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ಹಸಿರು ಅಥವಾ ಹಳದಿಯ ದಪ್ಪ ಕಫ, ನಿಮಿಷಕ್ಕೆ 24 ಮೀರಿದ ಉಸಿರು, ಬರೆದಿಟ್ಟ ಅಂಕಿಗಿಂತ ಆಮ್ಲಜನಕ ಮೂರು ನಾಲ್ಕು ಇಳಿದಿರುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ, ಇದ್ದಕ್ಕಿದ್ದಂತೆ ತಡವರಿಸಿ ಮಾತಾಡುವುದು, ಊಟ ಬಿಡುವುದು ನ್ಯುಮೋನಿಯಾದ ಮೊದಲ ಗುರುತಾಗಿರಬಹುದು.

ಇನ್ನು ಕೆಲವಕ್ಕೆ ಬೆಳಗಾಗುವವರೆಗೂ ಕಾಯಬಾರದು: ಏಕಾಏಕಿ ಉಸಿರು ಕಟ್ಟಿದಂತಾಗುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು, ಕಫದಲ್ಲಿ ರಕ್ತ, ತುಟಿ ನೀಲಿಯಾಗುವುದು, ಆಮ್ಲಜನಕ 90ಕ್ಕಿಂತ ಕೆಳಗಿಳಿಯುವುದು. ಸಿಓಪಿಡಿ ಇದ್ದು ಮೊದಲೇ ಕಡಿಮೆ ಇರುವವರಿಗೆ ಯಾವ ಅಂಕಿಗೆ ಹೆದರಬೇಕು ಎಂದು ಡಿಸ್ಚಾರ್ಜ್ ಆಗುವಾಗಲೇ ಕೇಳಿ ಬರೆಸಿಕೊಳ್ಳಿ. ಒಂದೇ ಕಾಲು ಊದಿ ನೋಯುತ್ತಿದ್ದು ಜತೆಗೆ ಏದುಸಿರು ಬಂದರೆ ಅದೂ ತುರ್ತೇ. ಡ್ರೆಸ್ಸಿಂಗ್ ಇದ್ದಕ್ಕಿದ್ದಂತೆ ತಿಳಿಗೆಂಪು ನೀರಿನಿಂದ ತೊಯ್ದುಹೋದರೆ ಗಾಯದ ಒಳಪದರ ಸಡಿಲವಾಗಿರಬಹುದು, ಅವರನ್ನು ಮಲಗಿಸಿ, ಮಂಡಿ ಮಡಿಸಿ, ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡುವಾಗ ಯಾವ ಆಪರೇಷನ್, ಎಷ್ಟನೇ ದಿನ, ಈಗ ನಿಮಿಷಕ್ಕೆ ಎಷ್ಟು ಉಸಿರು, ಆಮ್ಲಜನಕ ಎಷ್ಟು ಎಂದು ಹೇಳಿ, ಡಿಸ್ಚಾರ್ಜ್ ಕಾರ್ಡ್ ಮತ್ತು ಇನ್ಹೇಲರ್ ಜತೆಗೇ ತೆಗೆದುಕೊಂಡು ಹೋಗಿ. ಉಸಿರು ಕಟ್ಟುತ್ತಿರುವವರನ್ನು ದಾರಿಯಲ್ಲಿ ಅಂಗಾತ ಮಲಗಿಸಬೇಡಿ, ಒರಗಿಸಿ ಕೂರಿಸಿಯೇ ಕರೆದೊಯ್ಯಿರಿ.